ಕಲ್ಲಿನ ನಡುವಿನ ಹುಲ್ಲು

ಮಳಖೇಡ ರೋಡ್ ಸ್ಟೇಷನ್ನಿಗೆ ರೈಲು ಬರಲು ಇನ್ನೂ ಇಪ್ಪತ್ತು ನಿಮಿಷ ಇರುವಾಗಲೇ ಚಂದ್ರಕಲಾ ಮೂರು ಸಲ ಎದ್ದು ನಿಂತಿದ್ದಳು. ಮೂರು ಸಲವೂ ಬಂದದ್ದು ಸಿಮೆಂಟಿನ ಗೂಡ್ಸ್ ಗಾಡಿ. ಅದು ನಿಲ್ಲದೆ ಹೋದ ಮೇಲೂ ಕಲ್ಲುಬೆಂಚು ಸ್ವಲ್ಪ ಹೊತ್ತು ನಡುಗುತ್ತಿತ್ತು. ಎದ್ದವಳು ಸುಮ್ಮನೆ ಕೂತರೆ ಯಾರಾದರೂ ನೋಡಿಯಾರು ಎಂದು ಪ್ರತಿ ಸಲವೂ ಸೀರೆಯ ನಿರಿಗೆ ಸರಿಪಡಿಸಿಕೊಂಡು, ಅದಕ್ಕಾಗಿಯೇ ಎದ್ದಿದ್ದೆ ಎಂಬಂತೆ ಕೂತಳು. ನೋಡುವವರು ಯಾರೂ ಇರಲಿಲ್ಲ. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಸೇಡಂನಲ್ಲಿ ಬೈಂಡ್ ಮಾಡಿಸಿದ ವರದಿ. ಅರವತ್ತೆರಡು ಪುಟ. ಅಂತರರಾಷ್ಟ್ರೀಯ ವ್ಯಾಪಾರ ಮತ್ತು ಹಣಕಾಸು ಎಂಬ ವಿಷಯಕ್ಕೆ ಬರೆದದ್ದು. ಶಹಾಬಾದಿನ ಕಲ್ಲು ತುಂಬಿಕೊಂಡು ಆಸ್ಟ್ರೇಲಿಯಾಕ್ಕೆ ಹೋದ ಒಂದು ಕಂಟೇನರ್, ಅಲ್ಲಿನ ಬಂದರಿನಲ್ಲಿ ಯಾಕೆ ತಡೆಯಲ್ಪಟ್ಟಿತು ಎಂಬ ಅಧ್ಯಯನ. ಕೊನೆಯ ಪುಟದಲ್ಲಿ ಕಾರ್ಖಾನೆಯ ಮಾಲೀಕರು ಸಹಿ ಹಾಕಿ ಮೊಹರು ಒತ್ತಬೇಕು: ಇದರಲ್ಲಿರುವ ಸಂಗತಿಗಳು ನಿಜ. ವರದಿ ಕೊಡಲು ನಾಳೆ ಕಡೆಯ ದಿನ. ಕೊಟ್ಟರೆ ಎಂ.ಕಾಂ. ಮುಗಿಯುತ್ತದೆ. ಮುಗಿದರೆ ಜೂನ್‌ನಿಂದ ಸೇಡಂನ ಕಾಲೇಜಿನಲ್ಲಿ ಪಾಠಕ್ಕೆ ತೆಗೆದುಕೊಳ್ಳುತ್ತೇವೆಂದು ಅವಳ ಮಾರ್ಗದರ್ಶಕ ರೇವಣಸಿದ್ದ ಸರ್ ಹೇಳಿದ್ದರು.

ಬೆಳಿಗ್ಗೆ ಹೊರಡುವಾಗ ಅತ್ತೆ ಹೀರಾಬಾಯಿ ರೊಟ್ಟಿ ಕಟ್ಟಿಕೊಡುತ್ತ, ಬಾಗಿಲ ಹೊರಗೊಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ್ದಳು: "ಯಾರರ ಕೇಳಿದ್ರ ಬ್ಯಾಂಕಿಗಿ ಹೊಂಟೀನಿ ಅನ್ನು. ಓದ್ಲಿಕ್ಕಿ ಅನಬ್ಯಾಡ."

"ಯಾಕ್ರಿ ಅತ್ತಿ?"

"ಬ್ಯಾಂಕ್ ಅಂದ್ರ ಸುಮ್ಮನಾಗ್ತಾರ. ಓದ್ಲಿಕ್ಕಿ ಅಂದ್ರ ಮತ್ತೇನರ ಕೇಳ್ತಾರ."

ಅತ್ತೆ ಕೆಟ್ಟವಳಲ್ಲ. ಎಣ್ಣೆಯಲ್ಲಿ ಕಲಸಿದ ಶೇಂಗಾ ಹಿಂಡಿಯನ್ನು ಎರಡು ರೊಟ್ಟಿಯ ನಡುವೆ ಒತ್ತಿ ಕೊಟ್ಟಿದ್ದಳು. ಮಗ ಅಂಬರೇಶನಿಗೆ ಕಟ್ಟುತ್ತಿದ್ದದ್ದೂ ಹೀಗೆಯೇ. ಅವನು ಹೋಗಿ ಹನ್ನೊಂದು ತಿಂಗಳಾಗಿತ್ತು. ಚಿತ್ತಾಪುರದ ಕ್ರಾಸಿನಲ್ಲಿ ಹಿಂದಿನಿಂದ ಬಂದ ಲಾರಿ ಅವನ ಬೈಕಿಗೆ ತಾಗಿತ್ತು. ಆ ದಿನ ಮನೆಗೆ ಬಂದ ಚೀಲದಲ್ಲಿ ಊಟದ ಡಬ್ಬಿ ಜಜ್ಜದೆ ಉಳಿದಿತ್ತು. ಡಬ್ಬಿಯನ್ನು ತೊಳೆದಿಟ್ಟವಳು ಚಂದ್ರಕಲಾಳೇ. ತೊಳೆಯುವಾಗ ಒಳಗಿನ ರೊಟ್ಟಿ ತಿಂದಿದ್ದನೋ ಇಲ್ಲವೋ ನೋಡಿದ್ದಳು, ಈಗ ನೆನಪಾಗುವುದಿಲ್ಲ. ಇಂಥದ್ದನ್ನು ಮರೆಯುವುದು ಹೇಗೆ ಸಾಧ್ಯ ಎಂದು ಅವಳು ತನ್ನನ್ನು ಕೇಳಿಕೊಂಡಳು, ಬೇರೆ ಯಾರದೋ ವಿಷಯ ಕೇಳುವ ಹಾಗೆ. ಆಗ ರೈಲು ಬಂತು.

ಕಿಟಕಿಯ ಪಕ್ಕ ಸೀಟು ಸಿಕ್ಕಿತು. ತೊಗರಿ ಕೊಯ್ದ ಹೊಲಗಳು ಬೋಳಾಗಿ ಹಿಂದಕ್ಕೆ ಹೋಗುತ್ತಿದ್ದವು. ಅವಳು ವರದಿಯನ್ನು ತೆಗೆದು ನಲವತ್ತೊಂದನೆಯ ಪುಟ ನೋಡಿದಳು, ಮತ್ತೆ ಚೀಲದಲ್ಲಿಟ್ಟಳು, ಮತ್ತೆ ತೆಗೆದಳು. ಆ ಪುಟದಲ್ಲಿ ಒಂದು ವಾಕ್ಯವಿತ್ತು: ಮೇಲ್ವಿಚಾರಕರ ಸ್ಪಷ್ಟ ಸೂಚನೆಯನ್ನು ಮೀರಿ ಪ್ಯಾಕಿಂಗ್ ಕಾರ್ಮಿಕರು ಹುಲ್ಲನ್ನು ಬಳಸಿದ್ದರಿಂದ ಸರಕು ತಡೆಹಿಡಿಯಲ್ಪಟ್ಟಿತು. ರೇವಣಸಿದ್ದ ಸರ್ ಪೆನ್ನಿನಿಂದ ಅದರ ಕೆಳಗೆ ಗೆರೆ ಎಳೆದು, "ಈ ವಾಕ್ಯ ಛಲೋ ಬಂದದ ನೋಡ್ರಿ, ನೇರ ಅದ" ಎಂದಿದ್ದರು. ಮೇಲ್ವಿಚಾರಕ ಎಂದರೆ ಅಂಬರೇಶ. ಕಾರ್ಮಿಕರು ಎಂದರೆ ಹಮೀದಾಬೇಗಂ ಮತ್ತು ಅವಳ ಜೊತೆಯ ಮೂವರು ಹೆಂಗಸರು. ಸೂಚನೆ ಎಂಬುದು ಇರಲೇ ಇಲ್ಲ.

ಶಹಾಬಾದಿನಲ್ಲಿ ಪಾಲಿಶ್ ಆದ ಕಲ್ಲನ್ನು ಲಾರಿಗೆ ಹೇರುವಾಗ ಒಂದು ಹಾಸುಗಲ್ಲಿಗೂ ಇನ್ನೊಂದಕ್ಕೂ ನಡುವೆ ಹುಲ್ಲಿಡುತ್ತಾರೆ. ಹೆಂಗಸರು ಹಿಡಿ ಹುಲ್ಲನ್ನು ನೀರಿಗದ್ದಿ ತಿರುವಿ, ಕೊಡದ ಕೆಳಗಿನ ಸಿಂಬಿಯ ಹಾಗೆ ಸುತ್ತಿ, ಮೂಲೆಗೊಂದು ಕೂರಿಸುತ್ತಾರೆ. ಹೈದರಾಬಾದಿಗೆ ಹೋಗಲಿ, ಸೊಲ್ಲಾಪುರಕ್ಕೆ ಹೋಗಲಿ, ಕಲ್ಲಿನ ಅಂಚು ಮುರಿಯುವುದಿಲ್ಲ. ಮದುವೆಯಾದ ಹೊಸದರಲ್ಲಿ ಅಂಬರೇಶನ ಅಂಗಿ ಒಗೆಯುವಾಗ ಜೇಬಿನಿಂದ, ಕಾಲರಿನಿಂದ, ಒಮ್ಮೊಮ್ಮೆ ಒಳಬನಿಯನ್ನಿನಿಂದಲೂ ಹುಲ್ಲಿನ ಎಳೆಗಳನ್ನು ಆರಿಸಿ ತೆಗೆಯುವುದೇ ಅವಳ ಕೆಲಸವಾಗಿತ್ತು. "ಎತ್ತು ಕಟ್ಕೊಂಡಂಗ ಆಗ್ಯದ ನನಗ" ಎಂದು ಅವಳು, "ಎತ್ತಿಗಿ ಮೇವರ ಹಾಕು ಮತ್ತ" ಎಂದು ಅವನು. ಹಾಗಾದರೆ ಹುಲ್ಲಿಡುತ್ತಾರೆಂದು ಅವಳಿಗೆ ಗೊತ್ತಿತ್ತು. ಗೊತ್ತಿತ್ತೋ? ಕಾಗದ ತುಂಬುವ ಆ ಹೊತ್ತಿನಲ್ಲಿ ಗೊತ್ತಿತ್ತೋ?

ಅವನಿಗೆ ಇಂಗ್ಲಿಷ್ ಕಷ್ಟ. ಮಾಲೀಕರಿಗೆ ಮೊದಲ ಸಲ ಹೊರದೇಶದ ಆರ್ಡರ್ ಬಂದಾಗ ತುಂಬಬೇಕಾದ ಕಾಗದಗಳನ್ನೆಲ್ಲ ಅವನು ಮನೆಗೆ ತಂದಿದ್ದ. "ನೀ ಓದ್ಲಿಕತ್ತಿದ್ದು ಇದೇ ಹೌದಿಲ್ಲೊ, ತುಂಬು ನೋಡಮು" ಎಂದು ಅವಳ ಮುಂದೆ ಹರಡಿ, ಹೆಮ್ಮೆಯನ್ನು ಮುಚ್ಚಿಕೊಳ್ಳಲು ಬಚ್ಚಲಿಗೆ ಹೋಗಿದ್ದ. ಒಳಗೆ ನೀರು ಸುರಿದುಕೊಳ್ಳುವ ಸದ್ದು. ಅವಳು ಅಡುಗೆಮನೆಯ ಕಟ್ಟೆಯ ಮೇಲೆ, ಕುಕ್ಕರಿನ ಪಕ್ಕ, ಹತ್ತೇ ನಿಮಿಷದಲ್ಲಿ ತುಂಬಿದ್ದಳು. ಒಂದು ಕಾಗದದಲ್ಲಿ ಮೊದಲ ಪ್ರಶ್ನೆಯೇ ಇತ್ತು: ಪ್ಯಾಕಿಂಗಿಗೆ ಹುಲ್ಲು ಮುಂತಾದ ನಿಷೇಧಿತ ವಸ್ತು ಬಳಸಲಾಗಿದೆಯೇ? ಅವಳು ಇಲ್ಲ ಎಂದು ಬರೆದಳು. ಪಠ್ಯದಲ್ಲಿ ಮಾದರಿಯಾಗಿ ಕೊಟ್ಟ ಕಾಗದದಲ್ಲೂ ಇಲ್ಲ ಎಂದೇ ಇತ್ತು. ಅಷ್ಟೇ ಅಲ್ಲ. ಹುಟ್ಟಿದಾಗಿನಿಂದ ತುಂಬಿದ ಯಾವ ಕಾಗದದಲ್ಲಿ ಅವಳು ಹೌದು ಎಂದು ಬರೆದಿದ್ದಳು? ಕೇಸು ಇದೆಯೇ, ಇಲ್ಲ. ರೋಗ ಇದೆಯೇ, ಇಲ್ಲ. ಈ ಮೊದಲು ಸವಲತ್ತು ಪಡೆದಿದ್ದೀರಾ, ಇಲ್ಲ. ಕಾಗದ ಮುಂದಕ್ಕೆ ಹೋಗಬೇಕಾದರೆ ಇಲ್ಲ ಎನ್ನಬೇಕು, ತಹಸೀಲ ಕಚೇರಿಯ ಹೊರಗೆ ಅರ್ಜಿ ಬರೆಯುವವನೂ ಅದನ್ನೇ ಹೇಳುತ್ತಿದ್ದ. ಜೊತೆಗೆ, ಹುಲ್ಲು ಅವಳಿಗೆ ಒಂದು ವಸ್ತು ಅನ್ನಿಸಿರಲೇ ಇಲ್ಲ. ಅದು ಕಲ್ಲಿನ ನಡುವೆ ಇರುವಂಥದ್ದು, ಅಷ್ಟೆ. ಹೀಗೆಂದು ಎಷ್ಟು ಸಲ ಹೇಳಿಕೊಂಡಿದ್ದಾಳೋ. ಆದರೆ ಪೆನ್ನು ಆ ಖಾನೆಯ ಮೇಲೆ ಒಂದು ಕ್ಷಣ ನಿಂತಿತ್ತು. ಬಚ್ಚಲ ಬಾಗಿಲು ತಟ್ಟಿ ಕೇಳಬಹುದಿತ್ತು. ಕೇಳಿದರೆ ಓದಿದವಳಿಗೂ ಗೊತ್ತಿಲ್ಲ ಎಂದಾಗುತ್ತಿತ್ತು. ಆ ಒಂದು ಕ್ಷಣಕ್ಕೆ ಮಾತ್ರ ಯಾವ ಸಮಜಾಯಿಷಿಯೂ ಸಿಗುತ್ತಿರಲಿಲ್ಲ.

ಮೆಲ್ಬರ್ನಿನಲ್ಲಿ ಪೆಟ್ಟಿಗೆ ಒಡೆದಾಗ ಹುಲ್ಲಿತ್ತು, ಹುಲ್ಲಿನಲ್ಲಿ ಒಂದು ಹುಳ ಇತ್ತು, ಜೀವಂತ. ಅದರ ಫೋಟೊ ಬಂದಿತ್ತು. ಶಹಾಬಾದಿನಿಂದ ಮುಂಬಯಿ, ಅಲ್ಲಿಂದ ಅಷ್ಟು ದೊಡ್ಡ ಸಮುದ್ರ, ಅದನ್ನೆಲ್ಲ ದಾಟಿ ಬದುಕಿದ್ದ ಕಂದು ಬಣ್ಣದ ಹುಳ. ಅಂಬರೇಶ ಮೊಬೈಲಿನಲ್ಲಿ ಅದನ್ನು ತೋರಿಸಿದ. ಅವನು ಬೈದಿದ್ದರೆ ಆಗಿಹೋಗುತ್ತಿತ್ತು. ಮರುದಿನ ಮಾಲೀಕರು ಹುಲ್ಲು ಹಾಕಿದವರ್ಯಾರು ಎಂದು ಕೇಳಿದಾಗ, ನಾನು ಬೇಡವೆಂದಿದ್ದೆ, ಹಮೀದಾಬೇಗಂನ ಗ್ಯಾಂಗು ಕೇಳಲಿಲ್ಲ ಎಂದು ಅವನು ಹೇಳಿಬಿಟ್ಟ. ನಾಲ್ವರು ಹೆಂಗಸರನ್ನೂ ಅಂದೇ ತೆಗೆದರು. ಹಾಗೆ ಹೇಳಿ ಬಂದದ್ದನ್ನು ಅವನು ಊಟ ಮಾಡುತ್ತ, ತಟ್ಟೆ ನೋಡುತ್ತ ಹೇಳಿದ. ಅವಳು ಸಾರು ಬಡಿಸಿದಳು. ಆಮೇಲೆ ಅವನು ಯಾವ ಕಾಗದವನ್ನೂ ಮನೆಗೆ ತರಲಿಲ್ಲ. ಶುಕ್ರವಾರಗಳಲ್ಲಿ ತಡವಾಗಿ ಬರತೊಡಗಿದ. ಕೇಳಿದರೆ ಲೋಡಿಂಗ್ ಎನ್ನುತ್ತಿದ್ದ. ತನ್ನ ಮೇಲಿನ ಸಿಟ್ಟು ಅದು ಎಂದು ಅವಳು ತಿಳಿದಿದ್ದಳು. ಸಿಟ್ಟು ಇಳಿಯುವುದರೊಳಗೆ ಲಾರಿ ಬಂತು.

ವಾಡಿಯಲ್ಲಿ ಇಳಿದು ರೈಲು ಬದಲಿಸಬೇಕಿತ್ತು. ಮೆಟ್ಟಿಲಿನ ಮೇಲೆ ಯಾರೋ ಹಿಂದಿನಿಂದ, "ಮುಂದಕ್ಕ ನಡೀರಿ ಅಮ್ಮಾ, ನಿದ್ದಿ ಬಂದದೇನು" ಎಂದರು. ಅಮ್ಮಾ. ಅವಳಿಗೆ ಇಪ್ಪತ್ತೊಂಬತ್ತು. ರಫ್ತಿನ ಪಾಠದಲ್ಲಿ ಅವಳಿಗೆ ಬಹಳ ಹಿಡಿಸಿದ ಭಾಗ ಒಂದಿತ್ತು. ಸರಕು ಮುರಿದರೆ ನಷ್ಟ ಯಾರದು? ಹಡಗು ಏರುವವರೆಗೆ ಮಾರಿದವನದು, ಏರಿದ ಮೇಲೆ ಕೊಂಡವನದು. ಎಲ್ಲಿ ಯಾರ ಕೈಯಿಂದ ಯಾರ ಕೈಗೆ ಹೊಣೆ ದಾಟುತ್ತದೆ ಎಂಬುದನ್ನು ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡಿರುತ್ತಾರೆ. ಮೊದಲ ಸಲ ಓದಿದಾಗ ಲೋಕ ಎಷ್ಟು ಅಚ್ಚುಕಟ್ಟಾಗಿದೆ ಅನ್ನಿಸಿತ್ತು. ಇನ್ನೊಂದು ಭಾಗವೂ ಇತ್ತು: ಬ್ಯಾಂಕುಗಳು ನೋಡುವುದು ಕಾಗದಗಳನ್ನು, ಸರಕನ್ನಲ್ಲ. ಕಾಗದಗಳು ಒಂದಕ್ಕೊಂದು ಹೊಂದಿಕೊಂಡರೆ ಸಾಕು, ಪೆಟ್ಟಿಗೆಯೊಳಗೆ ಏನಿದೆ ಎಂಬುದು ಅವರ ಪ್ರಶ್ನೆಯಲ್ಲ. ಅದು ಅವಳಿಗೆ ಅಂಬರೇಶ ಹೋದ ಮೇಲೆ ಅರ್ಥವಾಯಿತು. ಮರಣ ಪತ್ರ, ವಂಶಾವಳಿ, ಪಂಚನಾಮೆ. ಪ್ರತಿ ಕಚೇರಿಯ ಕಿಟಕಿಯಲ್ಲೂ ಅವನನ್ನು ಕಾಗದವಾಗಿ ಒಳಗೆ ತೂರಿಸಿ, ಕಾಗದವಾಗಿ ವಾಪಸು ತೆಗೆದುಕೊಂಡಿದ್ದಳು.

ಮಾಲೀಕರಾದ ಶೌಕತ ಅಲಿಯವರ ಕಾರ್ಖಾನೆ ಶಹಾಬಾದ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ. ಗೇಟಿನೊಳಗೆ ಪಾಲಿಶ್ ಯಂತ್ರದ ಕೂಗು, ನೆಲದ ಮೇಲೆ ಹಾಲಿನಂಥ ಕಲ್ಲಿನ ಕೆಸರು. ಅಂಗಳದಲ್ಲಿ ಬೇರೆ ಹೆಂಗಸರು ಬಿಳಿ ಸ್ಪಂಜಿನ ಹಾಳೆಗಳನ್ನು ಕತ್ತರಿಸಿ ಕಲ್ಲಿನ ನಡುವೆ ಇಡುತ್ತಿದ್ದರು. ಒಂದು ಎಳೆ ಹುಲ್ಲು ಎಲ್ಲೂ ಇರಲಿಲ್ಲ. ಅವಳು ಹುಡುಕಿದಳು.

"ಬರ್ರಿ, ಬರ್ರಿ. ಬಾ ಬೇಟಿ, ಕುಂದ್ರು." ಶೌಕತ ಅಲಿ ಕುರ್ಚಿಯ ಮೇಲಿನ ಧೂಳನ್ನು ತಮ್ಮ ಕರವಸ್ತ್ರದಿಂದಲೇ ಒರೆಸಿದರು. ಗಡ್ಡ ಪೂರಾ ಬೆಳ್ಳಗಾಗಿತ್ತು. "ನಿಮ್ಮ ಮಾವ ಸಾಯಬಣ್ಣ ಹೆಂಗ ಇದ್ದಾನ? ಮಾವಗ ಕಾಲ್ನೋವು ಅಂತಿದ್ದಿ ಫೋನಿನ್ಯಾಗ."

"ಈಗ ಆರಾಮ ಇದ್ದಾರ್ರಿ."

ಅವರು ವರದಿಯನ್ನು ಕೈಯಲ್ಲಿ ತೂಗಿ ನೋಡಿದರು. "ಇಷ್ಟು ಬರದೀ? ನಮ್ಮ ಒಂದು ಕಂಟೇನರ್ ಡಬ್ಬಿ ಮ್ಯಾಲ? ನಾನು ಇಪ್ಪತ್ತೆಂಟು ವರ್ಷ ಕಲ್ಲು ಮಾರೀನಿ, ಒಂದು ಪೋಸ್ಟ್ ಕಾರ್ಡಿನ ತುಂಬ ಬರಿಲಿಕ್ಕಿ ಬರಲ್ಲ ನನಗ." ನಕ್ಕು, ಕನ್ನಡಕ ಹಾಕಿಕೊಂಡು, ಅಲ್ಲಲ್ಲಿ ತಿರುವಿದರು. ಬೆರಳಿಟ್ಟು ಓದುವ ಅಭ್ಯಾಸ ಅವರದು. ಬೆರಳು ನಲವತ್ತೊಂದನೆಯ ಪುಟಕ್ಕೆ ಬಂತು. ರೇವಣಸಿದ್ದ ಸರ್ ಎಳೆದ ಗೆರೆಯ ಉದ್ದಕ್ಕೂ ನಿಧಾನವಾಗಿ ಹೋಯಿತು. ಕೊನೆಯಲ್ಲಿ ನಿಂತಿತು. ಅವರು ಪೆನ್ನಿನ ಮುಚ್ಚಳ ತೆಗೆದರು.

"ಸೇಠಜಿ," ಎಂದಳು ಚಂದ್ರಕಲಾ. ಯಂತ್ರದ ಸದ್ದಿನಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ. "ಆ ಕಾಗದ ಅವರು ತುಂಬಿದ್ದಲ್ರಿ. ನಾನು ತುಂಬೀನಿ. ಹುಲ್ಲಿಲ್ಲ ಅಂತ ನಾನೇ ಬರದೀನಿ."

ಅವರು ತಲೆ ಎತ್ತಲಿಲ್ಲ. "ಗೊತ್ತದ."

"ಏನ್ರಿ?"

"ಅಂಬರೇಶನ ಅಕ್ಷರ ನೋಡಿಲ್ಲೇನು ನಾ? ಕೋಳಿ ಕೆದರಿದಂಗ. ಆ ಕಾಗದದಾಗ ಮುತ್ತು ಪೋಣಿಸಿದಂಗ ಇತ್ತು. ಮನ್ಯಾಗ ಓದಿದಾಕಿ ನೀ ಒಬ್ಬಾಕಿನೇ ಅಲ್ಲೇನು?"

"ಮತ್ತ ಆ ಹೆಣ್ಮಕ್ಕಳಿಗಿ…"

ಶೌಕತ ಅಲಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡು ಬೇಟಿ. ಅಲ್ಲಿಂದ ಚಿಠ್ಠಿ ಬಂತು. ತಪ್ಪು ಹೆಂಗಾಯ್ತು, ಯಾರ ಮ್ಯಾಲ ಏನು ಕ್ರಮ ತಗೊಂಡ್ರಿ, ಬರದು ಕಳಸ್ರಿ ಅಂತ. ಏನಂತ ಬರೀಲಿ? ನಮ್ಮ ಕಡಿ ಹಿಂಗೇ ಕಟ್ತಾರ, ನಮ್ಮಪ್ಪನೂ ಹಿಂಗೇ ಕಟ್ಟ್ಯಾನ ಅಂತ ಬರೀಲೇನು? ನಾಲ್ಕು ಮಂದಿ ತಪ್ಪು ಮಾಡ್ಯಾರ, ತೆಗ್ದು ಹಾಕೀನಿ ಅಂತ ಬರದೆ. ಕಾಗದಕ್ಕ ನಾಲ್ಕು ಹೆಸರು ಬೇಕಾಗಿದ್ವು. ಅಂಬರೇಶ ಹೇಳಿದ್ದು ಖರೆ ಅಂತ ನಾ ನಂಬಿಲ್ಲ. ನಂಬಿದಂಗ ಮಾಡೀನಿ." ಹೊರಗೆ ಯಂತ್ರ ಒಮ್ಮೆ ನಿಂತು, ಮತ್ತೆ ಹೊತ್ತಿಕೊಂಡಿತು. "ಈಗ ಮತ್ತ ಆರ್ಡರ್ ಬಂದದ. ಆ ಚಿಠ್ಠಿನೂ ಈ ಪುಸ್ತಕನೂ ಒಂದೇ ಮಾತು ಹೇಳಬೇಕು. ನೀನೇ ಓದಿದಾಕಿ, ನಾ ಏನು ಹೇಳ್ಲಿ ನಿನಗ. ಬದಲಿ ಮಾಡ್ತೀನಿ ಅಂದ್ರ ನನ್ನ ಸಹಿ ಇಲ್ಲ. ಹಿಂಗೇ ಇರ್ಲಿ ಅಂದ್ರ, ತಗೋ."

ಅವರು ಕಾದರು. ಒರಟಾಗಿ ಅಲ್ಲ. ಚಹಾ ತಣ್ಣಗಾಗುತ್ತದೆ ಎಂದು ಹೇಳುವವರ ಹಾಗೆ. ಚಂದ್ರಕಲಾ ಮೇಜಿನ ಮೇಲಿದ್ದ ಮೊಹರನ್ನು ನೋಡುತ್ತಿದ್ದಳು. ಅದರ ಹಿಡಿಕೆಯ ಬಣ್ಣ ಹೋಗಿ ಮರ ಕಾಣುತ್ತಿತ್ತು. ಹೇಳಿದೆನಲ್ಲ, ಎಂದುಕೊಂಡಳು. ಹೇಳಬೇಕಾದದ್ದನ್ನು ಹೇಳಿಯಾಯಿತಲ್ಲ. ಇಷ್ಟು ದಿನದಿಂದ ಎದೆಯಲ್ಲಿ ಕೂತಿದ್ದದ್ದು ಬಾಯಿಂದ ಹೊರಬಿದ್ದು, ಈ ಕೋಣೆಯಲ್ಲಿ ಯಾರಿಗೂ ಏನೂ ಆಗಲಿಲ್ಲವಲ್ಲ. ಅವಳು ತಲೆಯಾಡಿಸಿದಳು. ಯಾವ ಕಡೆಗೆ ಆಡಿಸಿದಳೆಂದು ಅವಳಿಗೆ ಸ್ಪಷ್ಟವಿರಲಿಲ್ಲ, ಆದರೆ ಅವರಿಗೆ ಇತ್ತು. ಸಹಿ ಬಿತ್ತು, ಮೊಹರು ಬಿತ್ತು. ಅವರು ಬಾಯಿಂದ ಊದಿ ಶಾಯಿ ಆರಿಸಿದರು.

"ಭಾಳ ಉಪಕಾರ ಆಯ್ತ್ರಿ" ಎಂದಳು ಅವಳು. ಗೇಟು ದಾಟಿದ ಮೇಲೂ ಆ ಮಾತು ಬಾಯಲ್ಲೇ ಉಳಿದಿತ್ತು, ಕಲ್ಲಿನ ಪುಡಿಯ ಜೊತೆ.

ಶಹಾಬಾದ ಸ್ಟೇಷನ್ನಿನಲ್ಲಿ ವಾಡಿಯ ಕಡೆ ಹೋಗುವ ರೈಲು ಮುಕ್ಕಾಲು ಗಂಟೆ ತಡ. ನೆರಳಿದ್ದ ಬೆಂಚಿನ ಒಂದು ತುದಿಯಲ್ಲಿ ವಯಸ್ಸಾದ ಹೆಂಗಸೊಬ್ಬಳು ಕೂತಿದ್ದಳು, ಪಕ್ಕದಲ್ಲಿ ಬಟ್ಟೆಯಲ್ಲಿ ಕಟ್ಟಿದ ಲಟ್ಟಣಿಗೆಯಷ್ಟು ಉದ್ದದ ಗಂಟು. ಚಂದ್ರಕಲಾ ಇನ್ನೊಂದು ತುದಿಯಲ್ಲಿ ಕೂತು ರೊಟ್ಟಿ ಬಿಚ್ಚಿದಳು, ತಿನ್ನಲಾಗದೆ ಮತ್ತೆ ಕಟ್ಟಿದಳು. ಹೆಂಗಸು ಅವಳ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಬೋಳು ಕೈಯನ್ನು ನೋಡಿದಳು.

"ಅಂಬರೇಶನ ಹೆಂಡ್ತಿ ಅಲ್ಲೇನು ನೀ? ಅವನ ಮಣ್ಣಿಗಿ ಬಂದಿದ್ದೆ ನಾನು. ನಿಂಗ ನೆನಪಿರಲ್ಲ. ನಾ ಹಮೀದಾ."

ಚಂದ್ರಕಲಾಳಿಗೆ ಏಳಬೇಕು ಅನ್ನಿಸಿತು. ರೊಟ್ಟಿಯ ಗಂಟನ್ನು ಇನ್ನೊಮ್ಮೆ ಬಿಗಿದಳು. ಒಂದೂವರೆ ವರ್ಷ ಅವಳು ಈ ಹೆಸರನ್ನು ಮುಖವಿಲ್ಲದೆ ಇಟ್ಟುಕೊಂಡಿದ್ದಳು. ಮುಖ ಇಷ್ಟು ಚಿಕ್ಕದು, ಗದ್ದದ ಮೇಲೆ ಹಚ್ಚೆಯ ಮೂರು ಚುಕ್ಕೆ. ಬೆರಳ ತುದಿಗಳಲ್ಲಿ ಜೋಳದ ಹಿಟ್ಟು ಒಣಗಿತ್ತು.

"ಉಣ್ಣು, ಉಣ್ಣು. ನನ್ನ ನೋಡಿ ಯಾಕ ಕಟ್ಟಿದಿ, ನಾ ಏನ್ ಕಸ್ಕೋತೀನೇನು?" ಹಮೀದಾಬೇಗಂ ನಕ್ಕಳು. "ವಾಡ್ಯಾಗ ಒಂದು ಖಾನಾವಳಿ ಅದ. ಅಲ್ಲಿ ರೊಟ್ಟಿ ಬಡೀತೀನಿ ಈಗ. ದಿನಾ ಹೋಗಿ ಬರೋದು. ಕಲ್ಲಿಗಿಂತ ಛಲೋನೇ ಅದ, ಮುರಿದ್ರ ಯಾರೂ ಕೇಳಲ್ಲ."

"ಖಾಲಾ, ನಿಮ್ಮ ಕೆಲಸ ಹೋಗಿದ್ದು…"

"ಅಂಬರೇಶ ಹೇಳ್ಯಾನ, ಎಲ್ಲಾ ಹೇಳ್ಯಾನ." ಅವಳು ಕೈ ಬೀಸಿದಳು. "ಮೊದಲ ಜುಮ್ಮಾಕ್ಕ ಬಂದು ಹೊಸ್ತಿಲದಾಗೇ ಕುಂತ. ಖಾಲಾ, ಕಾಗದ ತಪ್ಪು ತುಂಬೀನಿ ನಾನು, ನಿಮ್ಮ ಮ್ಯಾಲ ಹಾಕೀನಿ ಅಂದ. ಭಾಳ ಬೈದೆ ನಾ. ನಿನ್ನ ಬಾಯಾಗ ಹುಲ್ಲು ಹಾಕ್ಲಿ ಅಂದೆ. ಮತ್ತೊಂದು ಜುಮ್ಮಾಕ್ಕ ಮತ್ತ ಬಂದ. ಮತ್ತ ಬೈದೆ. ಆಮ್ಯಾಲ ಬೈದು ಬೈದು ಸಾಕಾಗಿ ಚಾ ಕೊಡ್ಲಿಕತ್ತೆ. ಈ ಖಾನಾವಳಿ ಕೆಲಸನೂ ಅವನೇ ನೋಡಿ ಕೊಟ್ಟಿದ್ದು."

"ಯಾರು ತುಂಬಿದ್ದು ಅಂದ್ರು?"

"ಅವನೇ. ನನ್ನ ಇಂಗ್ಲಿಷು ಅರ್ಧಾ ಅದ ಖಾಲಾ ಅಂತಿದ್ದ. ಯಾಕ?"

ರೈಲಿನ ಹಳಿಗಳ ಮೇಲೆ ಬಿಸಿಲು ಅಲ್ಲಾಡುತ್ತಿತ್ತು. ಶುಕ್ರವಾರಗಳು. ಲೋಡಿಂಗ್. ಅವಳು ಊಟ ಮುಚ್ಚಿಟ್ಟು, ಸಿಟ್ಟನ್ನೂ ಮುಚ್ಚಿಟ್ಟು ಕಾದ ಸಂಜೆಗಳಲ್ಲಿ ಅವನು ಇನ್ನೊಬ್ಬಳ ಹೊಸ್ತಿಲಲ್ಲಿ ಕೂತು ಬೈಸಿಕೊಳ್ಳುತ್ತಿದ್ದ. ಅವಳ ಪಾಲಿನದನ್ನೂ ಸೇರಿಸಿ. ಅವಳನ್ನು ಕಾಪಾಡಲು ಹಾಗೆ ಮಾಡಿದನೋ, ಅಥವಾ ಅವಳನ್ನು ಜೊತೆಗೆ ಕರೆದೊಯ್ಯಲು ನಂಬಿಕೆ ಸಾಲಲಿಲ್ಲವೋ. ಎರಡರಲ್ಲಿ ಯಾವುದು ಎಂದು ಕೇಳಲು ಈಗ ಯಾವ ಬಾಗಿಲೂ ಇಲ್ಲ.

ಅವಳು ವರದಿಯನ್ನು ಹೊರತೆಗೆದಳು. ನಲವತ್ತೊಂದನೆಯ ಪುಟ ತಾನಾಗಿಯೇ ತೆರೆದುಕೊಂಡಿತು. ಪೆನ್ನು ಸಿಕ್ಕಿತು. ಹೊಡೆದು ತಿದ್ದಿದ ಕಾಗದವನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಎರಡು ವರ್ಷ ಓದಿದ್ದು ಅದನ್ನೇ. ಕೊನೆಯ ಪುಟದಲ್ಲಿ ಮಾಲೀಕರ ಸಹಿ ಇದೆ, ಈ ತಿದ್ದುಪಡಿಗೆ ಅದು ಹೊಂದುವುದಿಲ್ಲ. ನಾಳೆ ರೇವಣಸಿದ್ದ ಸರ್ ಇದನ್ನು ನೋಡಿ ಏನೆನ್ನುತ್ತಾರೋ. ಜೂನ್ ಹೋಗುತ್ತದೆ. ಅವಳು ಆ ವಾಕ್ಯದ ಮೇಲೆ ಉದ್ದಕ್ಕೆ ಗೆರೆ ಎಳೆದಳು. ಹಾಳೆ ಸ್ವಲ್ಪ ಹರಿಯಿತು. ಅಂಚಿನಲ್ಲಿ ಬರೆದಳು: ಹುಲ್ಲು ಇತ್ತು. ಯಾವಾಗಲೂ ಇರುತ್ತಿತ್ತು. ಹಾಕಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಏನು ಬರೀಲಿಕತ್ತೀ?"

"ಖರೆ ಏನಾಯ್ತೋ ಅದು, ಖಾಲಾ. ನಿಮ್ಮ ನಾಲ್ಕೂ ಮಂದಿ ಹೆಸರು ಹೇಳ್ರಿ. ನಿಮ್ಮದು ತಪ್ಪಿರಲಿಲ್ಲ ಅಂತ ಬರೀತೀನಿ."

ಹಮೀದಾಬೇಗಂನ ಮುಖ ಮುಚ್ಚಿಕೊಂಡಿತು. ಗಂಟನ್ನು ತನ್ನ ಕಡೆ ಎಳೆದುಕೊಂಡಳು. "ಯಾಕ? ಮತ್ತೇನಾಯ್ತು? ಹೆಸರು ಬ್ಯಾಡ. ಹಿಂದ ಒಮ್ಮೆ ಹೆಸರು ಬರ್ಕೊಂಡ್ರು, ಏನಾಯ್ತು ನೋಡಿದಿಲ್ಲ."

"ಇದು ಹಂಗಲ್ರಿ, ಇದು ನಿಮಗಾಗಿ…"

"ನನಗಾಗಿ ಬ್ಯಾಡವ್ವಾ." ರೈಲಿನ ಕೂಗು ದೂರದಲ್ಲಿ ಕೇಳಿತು. ಅವಳು ಎದ್ದು, ಗಂಟನ್ನು ಕಂಕುಳಿಗೆ ಸೇರಿಸಿ, ಚಂದ್ರಕಲಾಳ ಕೈಯಲ್ಲಿದ್ದ ಪೆನ್ನನ್ನೂ ಹರಿದ ಹಾಳೆಯನ್ನೂ ನೋಡಿದಳು. ಅಕ್ಷರ ಬಾರದ ಕಣ್ಣಿಗೆ ಅಲ್ಲಿ ಏನು ಕಂಡಿತೋ. "ಬರೀಲೇಬೇಕು ಅಂದ್ರ ನಿಂದು ಬರಿ."

ರೈಲು ಎದುರಿಗೆ ಬಂದು ನಿಲ್ಲುತ್ತಿತ್ತು. ಜನ ಏಳುತ್ತಿದ್ದರು. ಚಂದ್ರಕಲಾ ಕೂತೇ ಇದ್ದಳು. ಅಂಚಿನಲ್ಲಿ ಉಳಿದಿದ್ದ ಸ್ವಲ್ಪ ಜಾಗದಲ್ಲಿ, ಕಾಗದದಲ್ಲಿ ಇಲ್ಲ ಎಂದು ಬರೆದವಳು, ಎಂದು ಬರೆದ ಮೇಲೆ ಪೆನ್ನು ಒಂದು ಕ್ಷಣ ನಿಂತಿತು. ಬಾಗಿಲು ತಟ್ಟಿ ಕೇಳಲು ಯಾರೂ ಇರಲಿಲ್ಲ. ಅವಳು ತನ್ನ ಪೂರ್ತಿ ಹೆಸರು ಬರೆದಳು.